ಮಣ್ಣಿನ ಕಿಲ್ಲೆಯ ಮೇಲೆ ಗಗನನೌಕೆ

ದೀಪಾವಳಿಯ ಪಾಡ್ಯ ಕಳೆದ ಮರುದಿನ ಚಿಕ್ಕೋಡಿಯಲ್ಲಿ ಬಂಧುಗಳೊಬ್ಬರ ಮನೆಗೆ ಹೋಗಿದ್ದೆ. ಮನೆಯ ಯಜಮಾನರು ಮಾಧ್ಯಮಿಕ ಶಾಲೆಯ ಶಿಕ್ಷಕರು. ಊಟವಾದ ಮೇಲೆ ಎಲೆಯಡಿಕೆಯ ತಟ್ಟೆಯನ್ನು ಮುಂದಿಟ್ಟುಕೊಂಡು ಅವರು ತಮ್ಮ ಮಗನ ಮೇಲಿನ ದೂರನ್ನು ಬಿಚ್ಚಿದರು. “ಮುಂದಿನ ವರ್ಷ ಹತ್ತನೇ ಇಯತ್ತೆ. ಈ ಹುಡುಗ ನೋಡಿದರ ಹಿತ್ತಲದಾಗ ಗೊಂಬಿ ಮುಂದಿಟಗೊಂಡು ಫೋಟೋ ತಗೀಲಿಕ್ಕೆ ಹತ್ಯಾನ. ನೀವರೆ ಒಂದೀಟು ಬುದ್ಧಿ ಹೇಳ್ರಿ” ಎಂದರು. ಬುದ್ಧಿ ಹೇಳುವದಕ್ಕೆಂದೇ ನಾನು ಹಿತ್ತಲಿಗೆ ಹೋದೆ. ಹೋದವನು ಒಂದೂವರೆ ತಾಸು ಅಲ್ಲಿಯೇ ಉಳಿದೆ. ಈ ಲೇಖನವನ್ನು ಆ ಶಿಕ್ಷಕ ಮಿತ್ರರಿಗೆ ಕೊಡಬೇಕಾಗಿದ್ದ ಉತ್ತರವೆಂದು ವಾಚಕರು ತಿಳಿದರೂ ಅಡ್ಡಿಯಿಲ್ಲ.

ಹಿತ್ತಲ ಗೋಡೆಗೆ ಹೊಂದಿ ಮಣ್ಣಿನ ಕಿಲ್ಲೆ ನಿಂತಿತ್ತು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯವರಿಗೆ ಕಿಲ್ಲೆಯೆಂದರೇನೆಂದು ಹೇಳಬೇಕಾಗಿಲ್ಲ. ದೂರದ ವಾಚಕರಿಗಾಗಿ ಎರಡು ಮಾತು. ದೀಪಾವಳಿಯ ಸೂಟಿ ಬಂದಿತೆಂದರೆ ನಮ್ಮ ಗಡಿಭಾಗದ ಹುಡುಗರು ಕಲ್ಲು ಇಟ್ಟಿಗೆಗಳನ್ನು ಒಟ್ಟಿ, ರಾಡಿಯಲ್ಲಿ ಅದ್ದಿದ ಗೋಣಿತಟ್ಟನ್ನು ಅವುಗಳ ಮೇಲೆ ಹೊದಿಸಿ ಗುಡ್ಡವನ್ನು ಮಾಡುತ್ತಾರೆ. ಅದರ ಮೇಲೆ ಬುರುಜು, ದರವಾಜೆ, ಮೆಟ್ಟಿಲುಗಳನ್ನು ಕೈಯಿಂದಲೇ ತಿದ್ದುತ್ತಾರೆ. ಪನ್ಹಾಳಗಡ, ರಾಯಗಡ, ಪ್ರತಾಪಗಡಗಳು ಅವರ ಕಣ್ಣ ಮುಂದಿನ ಮಾದರಿಗಳು. ಸಾಸಿವೆಯನ್ನೋ ಅಳವಿಯನ್ನೋ ಚೆಲ್ಲಿ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಗುಡ್ಡ ಹಸಿರಾಗುತ್ತದೆ. ಮೇಲೆ ಸಿಂಹಾಸನದಲ್ಲಿ ಶಿವಾಜಿ ಮಹಾರಾಜ, ಇಳಿಜಾರಿನಲ್ಲಿ ಈಟಿ ಹಿಡಿದ ಮಾವಳೆಯರು. ಪದ್ಧತಿ ಮಹಾರಾಷ್ಟ್ರದ್ದು, ನಿಜ. ಆದರೆ ಕನ್ನಡ ಮನೆಯ ಹುಡುಗರೂ ಮರಾಠಿ ಮನೆಯ ಹುಡುಗರೂ ಒಂದೇ ರಾಡಿಯಲ್ಲಿ ಕೈ ಅದ್ದುವದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ.

ಈ ಕಿಲ್ಲೆಗಳಲ್ಲಿಯ ಒಂದು ವಿಶೇಷವನ್ನು ಪಂಡಿತರು ಗಮನಿಸಿದಂತಿಲ್ಲ. ಮಾವಳೆಯ ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಕ್ರಿಕೆಟ್ ಆಟಗಾರನೊಬ್ಬ ನಿಂತಿರುತ್ತಾನೆ. ಮಹಾದ್ವಾರದ ಎದುರಿಗೆ ಮಿಲಿಟರಿ ಜೀಪು. ಬುರುಜಿಗಿಂತ ದೊಡ್ಡದಾದ ಹುಲಿ. ಮೇಲೆ ದಾರದಿಂದ ತೂಗಿಬಿಟ್ಟ ವಿಮಾನ. ಹದಿನೇಳನೆಯ ಶತಮಾನವೂ ಇಪ್ಪತ್ತೊಂದನೆಯದೂ ಒಂದೇ ಗುಡ್ಡದ ಮೇಲೆ ಜಗಳವಿಲ್ಲದೆ ವಾಸಿಸುತ್ತವೆ. ಕಾಲಯಾತ್ರೆಯ ಕಥೆಯೆಂದರೆ ಆಂಗ್ಲರಿಂದ ಬಂದದ್ದೆಂದು ನಾವು ತಿಳಿದಿದ್ದೇವೆ. ನಮ್ಮ ಹುಡುಗರು ಅದನ್ನು ಪ್ರತಿ ಕಾರ್ತೀಕದಲ್ಲಿ ಮಣ್ಣಿನಲ್ಲಿ ಬರೆಯುತ್ತ ಬಂದಿದ್ದಾರೆ.

ನಮ್ಮ ಹುಡುಗನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದ. ಮಾವಳೆಯರನ್ನು ಮರ್ಯಾದೆಯಿಂದ ಬುಟ್ಟಿಯಲ್ಲಿಟ್ಟು, ಅಜ್ಜಿಯ ಕರಿಯ ಸೀರೆಯನ್ನು ಗೋಡೆಗೆ ಇಳಿಬಿಟ್ಟು, ಒಣಗಿ ಬಿರುಕುಬಿಟ್ಟ ಗುಡ್ಡದ ಮೇಲೆ ಆರು ಅಂಗುಲದ ಮೂರು ಗೊಂಬೆಗಳನ್ನು ನಿಲ್ಲಿಸಿದ್ದ. ಕೈಕಾಲುಗಳನ್ನು ಕೀಲಿನಲ್ಲಿ ಮಡಿಸಬಲ್ಲ ಗೊಂಬೆಗಳವು. ‘ಸ್ಟಾರ್ ಟ್ರೆಕ್’ ಎಂಬ ಅಮೇರಿಕೆಯ ದೂರದರ್ಶನ ಧಾರಾವಾಹಿಯಲ್ಲಿ ನೌಕೆಯ ನಾಯಕನೂ ಸಂಗಡಿಗರೂ ಅಪರಿಚಿತ ಗ್ರಹದ ಮೇಲೆ ಇಳಿದು ಸುತ್ತ ನೋಡುವ ಒಂದು ದೃಶ್ಯವಿದೆಯಂತೆ. ಅದನ್ನು ಈತ ಮರಳಿ ಕಟ್ಟುತ್ತಿದ್ದ. ಆ ಧಾರಾವಾಹಿ ಮೊದಲು ಪ್ರಸಾರವಾದದ್ದು ೧೯೬೬ರಲ್ಲಿ. ಆಗ ಈ ಹುಡುಗನ ತಂದೆಯೇ ಹುಟ್ಟಿರಲಿಲ್ಲ. ನನ್ನನ್ನು ಕಂಡೊಡನೆ ಅವನು, “ಮಾಮಾ, ಈ ಬ್ಯಾಟ್ರಿ ಒಂದೀಟು ಹಿಡೀತೀರೇನ್ರಿ? ಸೂರ್ಯ ಒಬ್ಬನ ಇರಬೇಕ್ರಿ, ಎರಡು ನೆಳ್ಳ ಬೀಳಬಾರದು” ಎಂದ. ಬುದ್ಧಿ ಹೇಳಬಂದವನು ಸೂರ್ಯನಾಗಿ ನಿಂತೆ.

ಹೀಗೆ ಗೊಂಬೆಗಳಿಂದ ಹಳೆಯ ದೃಶ್ಯಗಳನ್ನು ಕಟ್ಟಿ ಛಾಯಾಚಿತ್ರ ತೆಗೆಯುವವರು ಜಗತ್ತಿನಲ್ಲಿ ಬಹಳ ಜನ ಇದ್ದಾರೆ, ದೊಡ್ಡವರೇ ಇದ್ದಾರೆ. ೧೯೬೪ರಲ್ಲಿ ಅಮೇರಿಕೆಯ ಹಾಸ್‌ಬ್ರೊ ಕಂಪನಿ ‘ಜಿ. ಐ. ಜೋ’ ಎಂಬ ಸಿಪಾಯಿಯ ಗೊಂಬೆಯನ್ನು ಮಾರಾಟಕ್ಕೆ ತಂದಾಗ, ಗಂಡುಹುಡುಗರು ಗೊಂಬೆಯೆಂಬ ಹೆಸರಿಗೇ ನಾಚಿಯಾರೆಂದು, ‘ಆಕ್ಷನ್ ಫಿಗರ್’ ಎಂಬ ಹೊಸ ಹೆಸರನ್ನು ಹುಟ್ಟಿಸಿತು. ಹೆಸರು ಬದಲಾದರೂ ಗೊಂಬೆ ಗೊಂಬೆಯೇ. ಅಂಥ ಗೊಂಬೆಗಳನ್ನೇ ಚಿತ್ರಿಸಿ ಡೇವಿಡ್ ಲೆವಿಂಥಾಲರೆಂಬವರು ದೊಡ್ಡ ಛಾಯಾಗ್ರಾಹಕರೆನಿಸಿಕೊಂಡರು. ಆಟಿಕೆಯ ಸೈನಿಕರಿಂದ ಎರಡನೆಯ ಮಹಾಯುದ್ಧದ ರಣರಂಗವನ್ನು ಕಟ್ಟಿದ ಅವರ ಪುಸ್ತಕ ೧೯೭೭ರಲ್ಲಿ ಹೊರಬಂದಿತು. ಇನ್ನೊಬ್ಬರ ಕಥೆ ಇದಕ್ಕಿಂತ ಮನಕರಗಿಸುವಂಥದು. ನ್ಯೂಯಾರ್ಕ ಪ್ರಾಂತದ ಮಾರ್ಕ್ ಹೋಗನ್‌ಕ್ಯಾಂಪ್ ಎಂಬವರನ್ನು ೨೦೦೦ದ ಏಪ್ರಿಲಿನಲ್ಲಿ ಕೆಲವರು ಸಾಯುವಂತೆ ಹೊಡೆದರು; ಎಚ್ಚರಗೊಂಡಾಗ ಹಿಂದಿನ ನೆನಪು ಬಹಳಷ್ಟು ಅಳಿಸಿಹೋಗಿತ್ತು. ಚಿಕಿತ್ಸೆಗೆ ಹಣವಿಲ್ಲದಾಗ ಅವರು ಮನೆಯ ಅಂಗಳದಲ್ಲಿ ಗೊಂಬೆಗಳ ಊರೊಂದನ್ನು ಕಟ್ಟಿ, ಅದರ ಚಿತ್ರಗಳನ್ನು ತೆಗೆಯುತ್ತ ತೆಗೆಯುತ್ತ ತಮ್ಮ ಕೈಯನ್ನೂ ಮನಸ್ಸನ್ನೂ ಮತ್ತೆ ಹತೋಟಿಗೆ ತಂದುಕೊಂಡರು. ಗೊಂಬೆಯಾಟ ಹುಡುಗಾಟವೆನ್ನುವ ಮುಂಚೆ ಈ ಸಂಗತಿಗಳನ್ನು ನೆನೆಯತಕ್ಕದ್ದು.

ಆದರೆ ನನ್ನ ಶಿಕ್ಷಕ ಮಿತ್ರರ ಆಕ್ಷೇಪವೂ ಸುಳ್ಳಲ್ಲ. ಅವರು ಎರಡು ಮಾತು ಹೇಳಿದರು. ಇದು ಅನುಕರಣ, ಅನ್ಯರು ಮಾಡಿದ್ದನ್ನು ಮತ್ತೆ ಮಾಡುವದರಲ್ಲಿ ಪ್ರತಿಭೆಯೆಲ್ಲಿದೆ ಎಂಬುದು ಒಂದು. ಇದು ಪರಕೀಯ, ನಮ್ಮ ಕೃಷ್ಣಾ–ದೂಧಗಂಗಾ ತೀರದ ಹುಡುಗನಿಗೆ ಅಮೇರಿಕೆಯ ಗಗನನೌಕೆ ಏತಕ್ಕೆ ಎಂಬುದು ಎರಡನೆಯದು.

ಮೊದಲನೆಯದನ್ನು ನಾನು ಅಲ್ಲಿಯೇ, ಬ್ಯಾಟ್ರಿ ಹಿಡಿದು ನಿಂತಾಗಲೇ, ಮನಸ್ಸಿನಲ್ಲಿ ತಿರಸ್ಕರಿಸಿದೆ. ನೋಡಿದ್ದನ್ನು ಮತ್ತೆ ಕಟ್ಟಬೇಕಾದರೆ ಮೊದಲು ಅದನ್ನು ಸರಿಯಾಗಿ ನೋಡಿರಬೇಕು. ಆರು ಅಡಿಯ ಮನುಷ್ಯನಿಗೆ ಆರು ಅಂಗುಲದ ಗೊಂಬೆಯೆಂದರೆ ಹನ್ನೆರಡರಲ್ಲಿ ಒಂದು ಪಾಲು. ಹಾಗಾದರೆ ಗುಡ್ಡದ ಮೇಲಿನ ಹರಳು ಎಷ್ಟು ದೊಡ್ಡ ಬಂಡೆಯಾಗಿ ಕಾಣಬೇಕು? ಉಸುಕಿನ ಕಣ ದಪ್ಪವಾದರೆ ಗುಟ್ಟು ಬಯಲಾಗುತ್ತದೆ. ಅದಕ್ಕಾಗಿ ಆತ ಉಸುಕನ್ನು ತಾಯಿಯ ಹಿಟ್ಟಿನ ಸಾಣಿಗೆಯಿಂದ ಸೋಸಿದ್ದ. (ಅದಕ್ಕೆ ಬೈಗಳನ್ನೂ ತಿಂದಿದ್ದನಂತೆ.) ಮೊಬೈಲನ್ನು ನಿಂತು ಮೇಲಿನಿಂದ ಹಿಡಿದರೆ ಗೊಂಬೆ ಗೊಂಬೆಯಾಗಿಯೇ ಕಾಣುತ್ತದೆ, ನೆಲಕ್ಕೆ ಮಲಗಿ ಗೊಂಬೆಯ ಕಣ್ಣಿನ ಮಟ್ಟಕ್ಕೆ ಹಿಡಿದರೆ ಅದೇ ಗೊಂಬೆ ಮನುಷ್ಯನಾಗುತ್ತದೆ. ಬಹಳ ಹತ್ತಿರದಿಂದ ತೆಗೆದಾಗ ಮುಂದಿನದು ಸ್ಪಷ್ಟವಾಗಿ ಹಿಂದಿನದು ಮಸುಕಾಗುತ್ತದೆ, ಆ ಮಸುಕೇ ವಸ್ತುವಿನ ಸಣ್ಣತನವನ್ನು ಹೊರಗೆಡಹುತ್ತದೆ. ದೊಡ್ಡ ಕ್ಯಾಮೆರಾದವರು ಅದರ ಕಿಂಡಿಯನ್ನು ಕಿರಿದುಮಾಡಿ ಬೆಳಕಿಗೆ ಹೆಚ್ಚು ಹೊತ್ತು ಕೊಟ್ಟು ಈ ತೊಂದರೆಯನ್ನು ಗೆಲ್ಲುತ್ತಾರೆ. ೧೯೬೮ರ ‘೨೦೦೧: ಎ ಸ್ಪೇಸ್ ಒಡಿಸ್ಸಿ’ ಚಿತ್ರದಲ್ಲಿಯ ನೌಕೆಗೆ ೫೪ ಅಡಿ ಉದ್ದದ ಮಾದರಿಯನ್ನೇ ಕಟ್ಟಿ, ಒಂದೊಂದು ಚೌಕಟ್ಟಿಗೂ ದೀರ್ಘಕಾಲ ಬೆಳಕು ಕೊಟ್ಟರು. ನಮ್ಮ ಹುಡುಗನ ಮೊಬೈಲಿನ ಕಣ್ಣೇ ಕಿರಿದಾದ್ದರಿಂದ ಬಡತನವೇ ಅವನಿಗೆ ಸಹಾಯಕ್ಕೆ ಬಂದಿತು.

ಅವನಿಗೆ ಸೋಲು ಬಂದದ್ದು ನೀರಿನಲ್ಲಿ. ಗುಡ್ಡದಿಂದ ಜಲಪಾತವೊಂದನ್ನು ಬೀಳಿಸಿದ. ಎಷ್ಟು ಮಾಡಿದರೂ ಅದು ತಂಬಿಗೆಯ ನೀರಾಗಿಯೇ ಕಂಡಿತು. ಕಲ್ಲು ಮಣ್ಣುಗಳನ್ನು ಕಿರಿದು ಮಾಡಬಹುದು. ನೀರಿನ ಹನಿಯನ್ನು ಕಿರಿದು ಮಾಡಲಾಗದು. ಬೀಳುವ ವಸ್ತುವಿನ ಕಾಲವೂ ಅಳತೆಯ ವರ್ಗಮೂಲದಂತೆ ಬದಲಾಗುತ್ತದೆ. ಇಪ್ಪತ್ತೈದರಲ್ಲಿ ಒಂದು ಪಾಲಿನ ಮಾದರಿಯನ್ನು ಚಲಚ್ಚಿತ್ರಕ್ಕೆ ತೆಗೆಯುವವರು ೫ ಪಟ್ಟು ವೇಗದಿಂದ ತೆಗೆದು ಎಂದಿನ ವೇಗದಲ್ಲಿ ತೋರಿಸುವದು ಈ ಕಾರಣದಿಂದಲೇ. ಆಗ ಬೀಳುವದು ನಿಧಾನವಾಗಿ, ದೊಡ್ಡದಾಗಿ ಕಾಣುತ್ತದೆ. ಇದನ್ನು ಹುಡುಗನಿಗೆ ಹೇಳಿದಾಗ, “ಹೌದ್ರಿ, ವರ್ಗಮೂಲ ಇದಕ್ಕ ಬರತೈತೇನ್ರಿ!” ಎಂದು ಆಶ್ಚರ್ಯಪಟ್ಟ. ಗಣಿತದ ತರಗತಿಯಲ್ಲಿ ಅಂಥ ಆಶ್ಚರ್ಯವನ್ನು ನಾವು ಎಷ್ಟು ಸಲ ಕಂಡಿದ್ದೇವೆ? ತಂದೆಯವರು ಗಣಿತವನ್ನೇ ಕಲಿಸುವವರೆಂಬುದನ್ನು ಇಲ್ಲಿ ಹೇಳದೆ ಬಿಡಬೇಕಿತ್ತು, ಹೇಳಿಬಿಟ್ಟೆ.

ಎರಡನೆಯ ಆಕ್ಷೇಪಕ್ಕೆ ನಿಂತು ಉತ್ತರ ಕೊಡಬೇಕು. ಗೊಂಬೆಯನ್ನು ಮಾಡಿ, ನಿಲ್ಲಿಸಿ, ಅದರಿಂದ ಕಥೆಯನ್ನು ಹೇಳಿಸುವದು ನಮ್ಮಲ್ಲಿ ಹೊರಗಿನಿಂದ ಬರಬೇಕಾದ ವಿದ್ಯೆಯೇ? ಉತ್ತರ ಕರ್ನಾಟಕದ ವರ್ಷವೆಂದರೆ ಮಣ್ಣಿನ ಗೊಂಬೆಗಳ ಮೆರವಣಿಗೆ. ಕಾರಹುಣ್ಣಿಮೆ ಕಳೆದು ಬರುವ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ಹುತ್ತದ ಮಣ್ಣಿನ ನಾಗಪ್ಪ, ಭಾದ್ರಪದದಲ್ಲಿ ಗಣಪ್ಪ, ಅವನ ಹಿಂದೆಯೇ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಜೋಕುಮಾರ. ದೀಪಾವಳಿಗೆ ಸಗಣಿಯ ಪಾಂಡವರು ಬಾಗಿಲಲ್ಲಿ ಕೂಡುತ್ತಾರೆ. ಗುಳ್ಳವ್ವನ ಸುತ್ತ ಹೆಣ್ಣುಮಕ್ಕಳು ಹಾಡು ಹೇಳುವಾಗ ಅಲ್ಲಿ ಒಂದು ಪುಟ್ಟ ನಾಟಕವೇ ನಡೆದಿರುತ್ತದೆ. ಚಿಂಚಲಿಯ ಮಾಯಕ್ಕನ ಜಾತ್ರೆಯಲ್ಲಿ ಆಟಿಗೆಯ ಅಂಗಡಿಯ ಮುಂದೆ ನಿಂತು ಹಟ ಮಾಡದ ಮಗು ಈ ನಾಲ್ಕು ತಾಲೂಕುಗಳಲ್ಲಿ ಇರಲಾರದು. ರಾಯಬಾಗಕ್ಕೆ ನೆರೆಯದಾದ ಗೋಕಾವಿಯಲ್ಲಿ ಹಗುರು ಕಟ್ಟಿಗೆಯಿಂದ ಕೊರೆದು ಬಣ್ಣ ಬಳಿದ ಹಣ್ಣು, ಪಕ್ಷಿ, ಮನುಷ್ಯರ ಗೊಂಬೆಗಳು ನಾಡಿಗೆಲ್ಲ ಹೆಸರಾದವು. ಮೈಸೂರ ಕಡೆಯವರು ನವರಾತ್ರಿಯಲ್ಲಿ ಗೊಂಬೆ ಕೂಡ್ರಿಸಿದರೆ ಅದು ಸಂಸ್ಕೃತಿ. ಚಿಕ್ಕೋಡಿಯ ಹುಡುಗ ಕೂಡ್ರಿಸಿದರೆ ಹುಚ್ಚೆ?

ಕಥೆ ಪರಕೀಯವಾದದ್ದೆಂಬುದೂ ಪೂರ್ಣ ನಿಜವಲ್ಲ. ೧೯೮೦ರ ದಶಕದಲ್ಲಿ ನಮ್ಮ ದೂರದರ್ಶನದಲ್ಲಿಯೇ ‘ಸ್ಪೇಸ್ ಸಿಟಿ ಸಿಗ್ಮಾ’ ಎಂಬ ಗಗನಕಥೆ ಬರುತ್ತಿತ್ತು. ಕಡಿಮೆ ಖರ್ಚಿನ ನೌಕೆ, ಮಿಣುಕುವ ದೀಪಗಳು. ಓಣಿಗೊಂದು ಟೀವಿಯಿದ್ದ ಕಾಲದಲ್ಲಿ ನಾವು ಅದನ್ನು ಬಾಯಿ ತೆರೆದು ನೋಡಿದೆವು. ಚಂದ್ರಯಾನ ೩ ೨೦೨೩ರ ಆಗಸ್ಟ್ ೨೩ರಂದು ಚಂದ್ರನ ಮೇಲೆ ಇಳಿದಾಗ ಮುಂದಿನ ತಿಂಗಳ ಗಣೇಶೋತ್ಸವದಲ್ಲಿ ದೇಶದ ಎಷ್ಟೋ ಊರುಗಳ ಮಂಟಪಗಳಲ್ಲಿ ಅದರದೇ ದೇಖಾವೆ. ಗಣಪ್ಪನೇ ಗಗನಯಾತ್ರಿಯಾದ. ಆಗ ಯಾರೂ ಪರಕೀಯವೆನ್ನಲಿಲ್ಲ. ಇನ್ನೊಂದು ವಿನೋದ ಕೇಳಿರಿ. ‘ಸ್ಟಾರ್ ಟ್ರೆಕ್’ ಧಾರಾವಾಹಿಗಾಗಿ ಕಟ್ಟಿದ ನೌಕೆಯ ದೊಡ್ಡ ಮಾದರಿ ಹನ್ನೊಂದು ಅಡಿಗೂ ಮಿಕ್ಕಿ ಉದ್ದವಾಗಿತ್ತು. ಈಗ ಅದು ವಾಷಿಂಗ್ಟನ್ನಿನ ವಿಮಾನ–ಗಗನಯಾನ ವಸ್ತುಸಂಗ್ರಹಾಲಯದಲ್ಲಿದೆ. ಒಳಗಿನ ದೀಪಗಳ ತಂತಿಗಳೆಲ್ಲ ಎಡಬದಿಯಿಂದ ಹೊರಬರುತ್ತಿದ್ದುದರಿಂದ ಆ ಬದಿಯನ್ನು ಪೂರ್ತಿ ಅಲಂಕರಿಸಲೇ ಇಲ್ಲ, ಬಲಬದಿಯಿಂದಷ್ಟೇ ಚಿತ್ರ ತೆಗೆದರು. ನಮ್ಮ ಗಣಪ್ಪನ ಬೆನ್ನಿಗೆ ಬಣ್ಣವಿಲ್ಲದ್ದನ್ನು ಕಂಡವರಿಗೆ ಇದರಲ್ಲಿ ಪರಕೀಯವಾದದ್ದೇನೂ ತೋರದು.

ನನಗೆ ಆಕ್ಷೇಪವಿರುವದು ಬೇರೆ ಕಡೆಗೆ. ಈಗಿನ ಪೇಟೆಯಲ್ಲಿ ಸಿದ್ಧ ಕಿಲ್ಲೆಯೇ ದೊರೆಯುತ್ತದೆ. ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ಬಣ್ಣ ಹೊಡೆದು, ತಂದು ಇಟ್ಟರಾಯಿತು. ಕೀಲುಗೊಂಬೆಗಳೂ ಹಾಗೆಯೇ, ಒಳ್ಳೆಯದೊಂದರ ಬೆಲೆ ಕೂಲಿಕಾರನ ಎಷ್ಟೋ ದಿನಗಳ ಕೂಲಿ. ನಮ್ಮ ಹುಡುಗನ ಮೂರು ಗೊಂಬೆಗಳನ್ನು ಪುಣೆಯ ಸೋದರಮಾವ ತಂದುಕೊಟ್ಟದ್ದು. ಗೊಂಬೆಯಿಲ್ಲದವನು ಈ ಕಲೆಗೆ ಹೊರಗಿನವನಾಗಬೇಕೆ? ನಾಲ್ಕನೆಯ ಪಾತ್ರವೊಂದು ಬೇಕಾದಾಗ ಅವನು ಮಾವಳೆಯೊಬ್ಬನಿಗೆ ಅಥಣಿಯ ಚಪ್ಪಲಿಯಂಗಡಿಯಿಂದ ತಂದ ಚರ್ಮದ ತುಣುಕನ್ನು ಹೊದಿಸಿ ಗ್ರಹವಾಸಿಯನ್ನಾಗಿ ಮಾಡಿದ್ದ. ಇಡೀ ಚಿತ್ರದಲ್ಲಿ ನನಗೆ ಜೀವಂತವಾಗಿ ಕಂಡವನು ಅವನೊಬ್ಬನೇ. ಕೊಂಡು ತಂದ ಮೂವರ ಮುಖಗಳು ಕಾರಖಾನೆಯಲ್ಲಿ ನಿಶ್ಚಯವಾದವು. ಜೇಡಿಯ ಮುಖಕ್ಕೆ ಕುಂಬಾರನ ಹೆಬ್ಬೆರಳು ತಾಗಿರುತ್ತದೆ. ಶಾಲೆಗಳಲ್ಲಿ ಕಿಲ್ಲೆಯ ಸ್ಪರ್ಧೆ ಏರ್ಪಡಿಸುವವರು ಸಿದ್ಧ ವಸ್ತುವಿಗೆ ಅಂಕ ಕೊಡಬಾರದೆಂದೂ, ತೆಗೆದ ಛಾಯಾಚಿತ್ರಕ್ಕೂ ಒಂದು ಬಹುಮಾನವಿಡಬೇಕೆಂದೂ ನನ್ನ ಸೂಚನೆ.

ಛಾಯಾಚಿತ್ರಕ್ಕೆ ಏಕೆ? ಕಿಲ್ಲೆ ಉಳಿಯುವದಿಲ್ಲವಾದ್ದರಿಂದ. ತುಳಸೀಲಗ್ನದ ಹೊತ್ತಿಗೆ ಅದು ಮತ್ತೆ ಮಣ್ಣಾಗಿರುತ್ತದೆ. ಇಷ್ಟೇ ಆದರೆ ದುಃಖವಿಲ್ಲ. ಆದರೆ ಉಳಿಯಬೇಕಾದವುಗಳೂ ನಮ್ಮಲ್ಲಿ ಮಣ್ಣಾಗಿವೆ.

ಇಂಗ್ಲಂಡದಲ್ಲಿ ೧೯೬೩ರ ನವೆಂಬರ್ ೨೩ರಂದು ‘ಡಾಕ್ಟರ್ ಹೂ’ ಎಂಬ ಕಾಲಯಾತ್ರೆಯ ಧಾರಾವಾಹಿ ಆರಂಭವಾಯಿತು. ಆ ಕಾಲದಲ್ಲಿ ಧ್ವನಿಚಿತ್ರದ ಪಟ್ಟಿಗಳು ದುಬಾರಿ. ಒಮ್ಮೆ ತೋರಿಸಿದ್ದಕ್ಕೆ ಮುಂದೆ ಬೆಲೆಯಿಲ್ಲವೆಂದು ಬಿ.ಬಿ.ಸಿ.ಯವರು ೬೦ರ, ೭೦ರ ದಶಕಗಳಲ್ಲಿ ಅನೇಕ ಕಂತುಗಳನ್ನು ಅಳಿಸಿಹಾಕಿದರು. ಕಳೆದುಹೋದ ಕಂತುಗಳ ಧ್ವನಿ ಉಳಿದದ್ದು ಮನೆಯಲ್ಲಿ ಟೀವಿಯ ಎದುರಿಗೆ ಧ್ವನಿಮುದ್ರಣ ಮಾಡಿಕೊಂಡ ಹುಡುಗರಿಂದ. ಅವುಗಳಲ್ಲಿ ಹಲವುಗಳ ರೂಪ ಉಳಿದದ್ದು ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕರಿಂದ. ಅವರು ಟೀವಿಯ ಪರದೆಯ ಮುಂದೆ ಕ್ಯಾಮೆರಾ ಇಟ್ಟುಕೊಂಡು ಕುಳಿತು, ಕಾರ್ಯಕ್ರಮ ನಡೆಯುತ್ತಿದ್ದಂತೆಯೇ ಚಿತ್ರ ತೆಗೆದು, ನಟರಿಗೂ ನಿರ್ದೇಶಕರಿಗೂ ಮಾರುತ್ತಿದ್ದರು. ಹೊಟ್ಟೆಪಾಡಿನ ಕೆಲಸ. ಇಂದು ಆ ಚಿಕ್ಕ ಚಿತ್ರಗಳನ್ನೂ ಆ ಧ್ವನಿಯನ್ನೂ ಕೂಡಿಸಿ ಅಭಿಮಾನಿಗಳು ಕಳೆದ ದೃಶ್ಯಗಳನ್ನು ಮರಳಿ ಕಟ್ಟುತ್ತಾರೆ.

ನಮ್ಮದೇನು? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು ೧೯೩೪ರ ಮಾರ್ಚ್ ೩ರಂದು, ಬೆಂಗಳೂರಿನಲ್ಲಿ. ಆದರೆ ಅದನ್ನು ತೆಗೆದದ್ದು ಎಲ್ಲಿ? ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ನಿಪ್ಪಾಣಿಯಿಂದ ಸುಮಾರು ೪೦ ಕಿಲೋಮೀಟರು, ಬಸ್ಸಿನಲ್ಲಿ ಒಂದು ತಾಸಿನ ದಾರಿ. ವೈ. ವಿ. ರಾವ್ ನಿರ್ದೇಶಕರು, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಲಂಕೆಯ ರಾಕ್ಷಸರು ಕನ್ನಡದಲ್ಲಿ ಗರ್ಜಿಸಿದ್ದು ನಮ್ಮ ಈ ಪಂಚಗಂಗೆಯ ದಂಡೆಯ ಮೇಲೆ. ಇಂದು ಅದರ ಒಂದು ಪ್ರತಿಯೂ ಇಲ್ಲ. ಅದೇ ಕೊಲ್ಹಾಪುರದಲ್ಲಿ ನಾಟಕದ ಪರದೆಗಳನ್ನು ಬರೆಯುತ್ತಿದ್ದ ಬಾಬೂರಾವ ಪೇಂಟರರು ೧೯೧೮ರ ಸುಮಾರಿಗೆ ತಾವೇ ಕ್ಯಾಮೆರಾ ಕಟ್ಟಿದರು, ೧೯೨೦ರಲ್ಲಿ ‘ಸೈರಂಧ್ರಿ’ಯನ್ನು ತೆಗೆದರು, ಅವರ ಮೂಕಚಿತ್ರಗಳಲ್ಲಿ ಹೆಚ್ಚಿನವು ನಷ್ಟವಾಗಿವೆ. ‘ಸತಿ ಸುಲೋಚನ’ದ ಕೆಲವು ಸ್ಥಿರಚಿತ್ರಗಳು ಮಾತ್ರ ಅಲ್ಲಲ್ಲಿ ಅಚ್ಚಾಗಿ ಉಳಿದಿವೆ. ಅವುಗಳನ್ನು ಮುಂದಿಟ್ಟುಕೊಂಡು ನಿಪ್ಪಾಣಿಯ, ಚಿಕ್ಕೋಡಿಯ ಹುಡುಗರು ಮಣ್ಣಿನ ಲಂಕೆಯನ್ನು ಏಕೆ ಕಟ್ಟಬಾರದು? ಕಿಲ್ಲೆಯನ್ನು ಕಟ್ಟುವ ಕೈಗಳಿಗೆ ಲಂಕೆ ಕಷ್ಟವೆ?

ಇಷ್ಟನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿರುವದು ಲಂಕೆಯಲ್ಲ, ಒಂದು ಗೋಡೆ. ರಾಯಬಾಗ ತಾಲೂಕಿನ ಕೃಷ್ಣೆಯ ದಂಡೆಯ ಹಳ್ಳಿಯೊಂದರಲ್ಲಿ ನನ್ನ ಸೋದರತ್ತೆಯ ಮನೆಯಿದೆ. ಆ ಮನೆಯ ಪಡಸಾಲೆಯ ಗೋಡೆಯ ಮೇಲೆ ಒಂದು ಛಾಯಾಚಿತ್ರವಿತ್ತು. ಮಾವನವರು ಕೂಡಿ ಆಡಿದ ಶ್ರೀಕೃಷ್ಣ ಪಾರಿಜಾತದ ಆಟದ್ದು. ಕುಲಗೋಡ ತಮ್ಮಣ್ಣನಿಂದ ಬೆಳಕಿಗೆ ಬಂದ ಆ ಆಟ ನಮ್ಮ ಕಡೆಯ ರಾತ್ರಿಗಳ ಸೊತ್ತು. ಚಿತ್ರದಲ್ಲಿ ಮಾವ ಸತ್ಯಭಾಮೆಯಾಗಿ, ಮೂಗುತಿಯಿಟ್ಟು, ಗಲ್ಲಕ್ಕೆ ಕೈಹಚ್ಚಿ ನಿಂತಿದ್ದರು. ೨೦೧೯ರ ಆಗಸ್ಟಿನ ಮಹಾಪೂರದಲ್ಲಿ ನೀರು ಆ ಗೋಡೆಯ ಅರ್ಧಕ್ಕಿಂತ ಮೇಲೆ ಏರಿತು. ಗಂಜಿಕೇಂದ್ರದಿಂದ ಮರಳಿ ಬಂದಾಗ ಕಟ್ಟು ಉಳಿದಿತ್ತು. ಒಳಗೆ ಕೆಸರಿನ ಹಾಳೆ. ಅದರ ಬೇರೆ ಪ್ರತಿಯಿಲ್ಲ, ಆಡಿದವರಲ್ಲಿ ಒಬ್ಬರೂ ಉಳಿದಿಲ್ಲ. ಅತ್ತೆಗೆ ಈಗ ಎಂಬತ್ತು ದಾಟಿದೆ.

ಹಿತ್ತಲಲ್ಲಿ ಬ್ಯಾಟ್ರಿ ಹಿಡಿದು ನಿಂತಾಗ ಇದನ್ನು ಹುಡುಗನಿಗೆ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಮುಂದಿನ ರವಿವಾರ ಬುಟ್ಟಿಯಲ್ಲಿ ಮಾವಳೆಯರನ್ನೂ, ಹಸಿ ಜೇಡಿಯ ಒಂದು ಮುದ್ದೆಯನ್ನೂ, ಅಜ್ಜಿಯ ಕರಿಯ ಸೀರೆಯನ್ನೂ ತೆಗೆದುಕೊಂಡು ನನ್ನ ಸಂಗಡ ಬಂದ. ತಂದೆಯವರೂ ಬಂದರು, ಗಣಿತದ ಪುಸ್ತಕ ಬರಲಿಲ್ಲ. ಅತ್ತೆ ಮೊದಲಿಗೆ ನಕ್ಕಳು. ಆಮೇಲೆ ಹೊರಸಿನ ಮೇಲೆ ಕುಳಿತು ಒಂದೊಂದಾಗಿ ಹೇಳತೊಡಗಿದಳು: ಕೃಷ್ಣ ಇಲ್ಲಿ, ಅವನ ಕಿರೀಟ ತುಸು ಓರೆ; ಕೊರವಂಜಿ ಹಿಂದೆ, ಬುಟ್ಟಿ ಬಲಗಂಕುಳಲ್ಲಿ; ಭಾಗವತರು ಅರ್ಧ ಮಾತ್ರ ಕಾಣಬೇಕು, ಏಕೆಂದರೆ ಫೋಟೋದವನು ಅವರನ್ನು ಅರ್ಧಕ್ಕೆ ಕಡಿದಿದ್ದ. ಮಾವಳೆಯೊಬ್ಬನಿಗೆ ಹಳದಿ ಅರಿವೆಯ ಚೂರನ್ನು ಸೀರೆಯಾಗಿ ಉಡಿಸಿ, ಜೇಡಿಯಿಂದ ತುರುಬು ತಿದ್ದಿ, ಕೈಯನ್ನು ಗಲ್ಲಕ್ಕೆ ಹಚ್ಚಿ ನಿಲ್ಲಿಸಿದ್ದಾಯಿತು. ಹುಡುಗ ನೆಲಕ್ಕೆ ಮಲಗಿ ಚಿತ್ರ ತೆಗೆದು ಮೊಬೈಲನ್ನು ಅವಳ ಕೈಗಿತ್ತ. ಅತ್ತೆ ಅದನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದು ನೋಡಿದಳು.

“ನಿಂತದ್ದೇನೋ ಖರೆ ಐತಿ, ತಮ್ಮಾ” ಎಂದಳು. “ಆದರ ಇಷ್ಟ ಬೆಳಕು ಇರಲಿಲ್ಲೋ. ಅವತ್ತ ಇದ್ದದ್ದು ಒಂದ ಗ್ಯಾಸಬತ್ತಿ. ಅದೂ ಎಡಕಿತ್ತು.”

ಹುಡುಗ ಬ್ಯಾಟ್ರಿಯನ್ನು ಮತ್ತೆ ನನ್ನ ಕೈಗೆ ಕೊಟ್ಟು, ಎಡಕ್ಕೆ ಸರಿದು ನಿಲ್ಲಲು ಹೇಳಿದ.